ನನಗೆ ಸ್ಟ್ರಾ ಬೇಡ ಚಾಚಾ

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಚೇರಿಗಳು ಒಂದರ ಮೇಲೊಂದು ಏಳುತ್ತಿದ್ದ ಕಾಲ. ಒಂದು ಭಾನುವಾರ ಅಬಿಡ್ಸ್‌ನಲ್ಲಿ ಹಳೇ ಪುಸ್ತಕ ಹುಡುಕಿ ಸುಸ್ತಾಗಿ, ಆಫೀಸಿನವರೆಲ್ಲ ಗೋಲಿ ಸೋಡಾ ಗಾಡಿಯ ಮುಂದೆ ನಿಂತೆವು. ನಮ್ಮ ಕಂಪನಿ ಬ್ಯಾಗು ನೋಡಿದ್ದೇ ತಡ, ಗಾಡಿಯ ಚಾಚಾ ತಾವೇ ಸೋಡಾ ಒಡೆದು, ಸ್ಟ್ರಾ ಇಳಿಸಿ ಕೊಡತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಕಲಬುರ್ಗಿ ಬಿಸಿಲಲ್ಲಿ ಬೆಳೆದವಳಿಗೆ ಸ್ಟ್ರಾ?

“ಸ್ಟ್ರಾ ಬೇಡ ಚಾಚಾ, ನಾನೇ ಒಡೀತೀನಿ” ಎಂದು ಹಿಂದಿಯಲ್ಲಿ ಹೇಳಿದೆ.

“ಬೆರಳು ನೋಯುತ್ತೆ ಮೇಡಂ” ಎಂದರು.

ಹೆಬ್ಬೆರಳಿಟ್ಟು ಒತ್ತಿದೆ. ಕೀಂಯ್ ಎಂದು ಗೋಲಿ ಒಳಗೆ ಬಿತ್ತು. ಬಾಟಲಿಯ ಕುತ್ತಿಗೆಯಲ್ಲಿರುವ ತಗ್ಗನ್ನು ಕೆಳಗೆ ಮಾಡಿ, ಗೋಲಿಯನ್ನು ಅದರಲ್ಲಿ ಕೂರಿಸಿ, ಗಟಗಟ ಕುಡಿದೆ.

ಅದನ್ನು ನೋಡಿ ದೆಹಲಿಯಿಂದ ಬಂದಿದ್ದ ನಮ್ಮ ಮ್ಯಾನೇಜರಿಗೂ ಹುರುಪು ಬಂತು. ಸ್ಟ್ರಾ ಕಿತ್ತೆಸೆದು ಬಾಟಲಿ ಎತ್ತಿದರು. ಅವರು ಹಿಡಿದದ್ದರಲ್ಲಿ ತಗ್ಗು ಮೇಲಾಗಿತ್ತು. ಗೋಲಿ ಉರುಳಿ ಬಂದು ಬಾಟಲಿಯ ಬಾಯಿಗೇ ಅಡ್ಡ ನಿಂತಿತು, ಒಂದು ಹನಿಯೂ ಬರಲಿಲ್ಲ. “ಈ ಬಾಟಲಿ ಕೆಟ್ಟಿದೆ” ಎಂದು ತೀರ್ಪು ಕೊಟ್ಟರು.

ಚಾಚಾ ಅವರಿಗೆ ಇನ್ನೊಂದು ಸ್ಟ್ರಾ ಕೊಟ್ಟರು. ನನ್ನ ಹಿಂದಿಯ ಧಾಟಿ ಹಿಡಿದಿದ್ದರೇನೋ, ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು: “ಯಾವೂರವಾ ತಂಗಿ ನಿಂದು?”

“ಕಲಬುರ್ಗಿ ರೀ.”

“ಹಂಗನ್ನು ಮತ್ತ! ನಂದು ಯಾದಗಿರಿ. ಮೊದಲೇ ಹೇಳಿದ್ರ ಸ್ಟ್ರಾ ತೋರಿಸ್ತಿದ್ದಿಲ್ಲ.”

ಮರುದಿನ ಮ್ಯಾನೇಜರು ಹೊಸಬರಿಗೆ ನನ್ನ ಪರಿಚಯ ಮಾಡಿಸುವಾಗ ನಾನು ಬರೆದ ಕೋಡ್ ಬಗ್ಗೆ ಒಂದು ಮಾತೂ ಆಡಲಿಲ್ಲ, ಹೆಬ್ಬೆರಳಿನ ಕತೆಯನ್ನೇ ಹೇಳಿದರು. ನನಗೇನೂ ಬೇಜಾರಾಗಲಿಲ್ಲ. ಕೋಡ್ ಬರೆಯುವವರು ಆ ಮಹಡಿಯ ತುಂಬ ಇದ್ದರು.