ನೀಲಾಂಬಿಕಮ್ಮನ ಬಾಯಿಗೆ ಬಾರದ ಹೆಸರು

ಮಾವನ ಹೆಸರನ್ನು ಆ ಕಾಲದ ಯಾವ ಸೊಸೆಯೂ ಹೇಳುತ್ತಿರಲಿಲ್ಲ ಅನ್ನಿ. ಆದರೆ ಭೇರ್ಯದ ನೀಲಾಂಬಿಕಮ್ಮನದು ಒಂದು ಕೈ ಹೆಚ್ಚು. ಮಾವ ಶಿವನಂಜಪ್ಪ. ಹಾಗಾಗಿ ನಂಜನಗೂಡು ಈಕೆಗೆ ‘ಹೊಳೇ ದಂಡೆ ದೇವ್ರ ಊರು’. ಪಕ್ಕದ ಮನೆಯಾಕೆಯ ಕಾಲಿಗೆ ನಂಜೇರಿದಾಗಲೂ, “ಗಾಯಕ್ಕೆ ಅದು ಏರೈತೆ ಕಣವ್ವ” ಎಂದು ಔಷಧಿ ಅರೆದು ಕೊಟ್ಟವಳು.

ಮಾವ ತೀರಿಕೊಂಡ ವರ್ಷವೇ ಮಗ ಹುಟ್ಟಿದ. ಮನೆಯವರು ಅಜ್ಜನ ಹೆಸರನ್ನೇ ಇಟ್ಟರು. ಊರಿಗೆಲ್ಲ ಅವನು ಶಿವನಂಜಪ್ಪ, ಹೆತ್ತವಳಿಗೆ ಮಾತ್ರ ‘ಇವ್ನೇ’. ತೊಟ್ಟಿಲಲ್ಲೂ ‘ಇವ್ನೇ’, ಮೀಸೆ ಬಂದ ಮೇಲೂ ‘ಲೋ ಇವ್ನೇ’. ತಾಯಿಯ ಬಾಯಲ್ಲಿ ಒಮ್ಮೆ ತನ್ನ ಹೆಸರು ಕೇಳಬೇಕೆಂಬ ಆಸೆ ಅವನನ್ನು ಬಿಡಲೇ ಇಲ್ಲ.

ಐವತ್ತೇಳನೇ ಇಸವಿಯ ಮಾಗಿಯಲ್ಲಿ ಅವನಿಗೆ ಸರಗೂರಿನಲ್ಲಿ ಇಂಗ್ಲಿಷ್ ಮೇಷ್ಟರ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ಸಂಜೆ ಒಲೆಯ ಮುಂದೆ ಕೂತು ಮೊದಲ ಪಾಠವನ್ನು ಅವ್ವನಿಗೇ ಒಪ್ಪಿಸಿದ.

“ಹೆಸರು ಹೇಳಿದ್ಮೇಲೆ ಮತ್ತೆ ಮತ್ತೆ ಅದನ್ನೇ ಹೇಳಲ್ಲ ಕಣವ್ವ. ಅದರ ಬದ್ಲು ‘ಹೀ’, ‘ಶೀ’ ಅಂತಾರೆ.”

“ಅದ್ಕೂ ಓದ್ಬೇಕೇನ್ಲಾ? ಈ ಮನೇಗೆ ಕಾಲಿಟ್ಟಾಗಿಂದ ನಾನು ಮಾಡ್ತಿರೋದು ಅದೇಯ!”

“ಮೊದ್ಲು ಒಂದ್ಸಲನಾದ್ರೂ ಹೆಸರು ಹೇಳ್ಬೇಕು. ನೀನು ಆ ಒಂದ್ಸಲಾನೂ ಹೇಳಿಲ್ಲ.”

ಅವಳು ತಿರುವಿಹಾಕಲು ಮರೆತ ರೊಟ್ಟಿ ಹಂಚಿನಲ್ಲೇ ಸೀದುಹೋಯಿತು.

ಬೆಳಿಗ್ಗೆ ಮಂಜು ಕವಿದು ಗದ್ದೆ, ರಸ್ತೆ, ಅರಳಿಮರ ಎಲ್ಲ ಕರಗಿಹೋಗಿದ್ದವು. ಹುರಿಹಿಟ್ಟಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತವನಿಗೆ ಜೊಂಪು ಹತ್ತಿತು. ಕೆರೆಯ ಆಚೆ ದಡದಿಂದ ಬಂದಂತೆ ಒಂದು ದನಿ, ತೆಳ್ಳಗೆ, ಅಂಜುತ್ತ ಅಂಜುತ್ತ ಕೇಳಿಸಿತು.

“ಶಿವನಂಜಪ್ಪಾ…”

ಹಿಂದಿನ ಸೀಟಿನ ಯಾರನ್ನೋ ಕರೆಯುತ್ತಿರಬೇಕೆಂದು ಅವನು ಕಣ್ಣು ಕೂಡ ಬಿಡಲಿಲ್ಲ. ಕಂಡಕ್ಟರು ಸೀಟಿ ಊದಿದ.

“ಲೋ ಇವ್ನೇ!”

ದಡಬಡಿಸಿ ಎದ್ದು ಕಿಟಕಿಯಿಂದ ತಲೆ ಹೊರಹಾಕಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಆ ಮೊದಲಿನ ದನಿ ಯಾರದೆಂದು ಆಗ ಗೊತ್ತಾಯಿತು. ಇಷ್ಟು ವರ್ಷ ಕಾದದ್ದು ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು.

“ಯಾರ್ನೋ ಕರೀತಾವ್ರೆ ಅಂದ್ಕೊಂಡೆ ಕಣವ್ವ.”

ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತಲೇ ಅವಳೆಂದಳು:

“ನಂಗೂ ಯಾರ್ನೋ ಕರ್ದಂಗೇ ಆಯ್ತು ಕಣ್ಲಾ. ಉಷಾರಾಗಿ ಓಗ್ಬುಟ್ಟು ಬಾ, ಇವ್ನೇ.”