ಸಂತೆಯವರು ಇಟ್ಟ ಹೆಸರು

ಬೇಸಿಗೆ ಬಂತೆಂದರೆ ಜಪಾನಿನ ನಮ್ಮ ವಾಕೋ ಊರಿನಲ್ಲಿ ಮನೆಮನೆಯಲ್ಲೂ ಬಾರ್ಲಿ ಚಹಾ. ಕಪ್ಪಗಾಗುವಷ್ಟು ಹುರಿದ ಬಾರ್ಲಿಯನ್ನು ನೀರಿಗೆ ಹಾಕಿ ಕುದಿಸಿ, ಆರಿಸಿ, ತಣ್ಣಗೆ ಕುಡಿಯುತ್ತಾರೆ. ಇಲ್ಲಿನ ಸಂಶೋಧನಾ ಸಂಸ್ಥೆಗೆ ಸೇರಿದ ಹೊಸತರಲ್ಲಿ ಸಹೋದ್ಯೋಗಿ ಮೋರಿ-ಸಾನ್ ಒಂದು ಲೋಟ ಕೊಟ್ಟರೆ, ನಾನು ಕುಡಿಯುವುದನ್ನು ಬಿಟ್ಟು ಮೂಸುತ್ತಾ ನಿಂತುಬಿಟ್ಟೆ. ಹಿಡಿಸಲಿಲ್ಲವೇನೋ ಎಂದುಕೊಂಡು ಪಾಪ, ಆಕೆ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿದರು. ಅದು ಬೈಲಕುಪ್ಪೆಯಲ್ಲಿ ನಮ್ಮ ಬೇಲಿಯಾಚೆಗಿದ್ದ ಮನೆಯ ವಾಸನೆ ಎಂದು ಅವರಿಗೆ ಹೇಗೆ ವಿವರಿಸಲಿ? ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ನಿಮ್ಮದಲ್ಲದ, ಆದರೆ ಇಲ್ಲವಾದಾಗ ನಿಮ್ಮದೇ ಹೋದಂತೆ ನೋಯುವ ಮನೆ.

ಅಪ್ಪ ಅಲ್ಲಿನ ಟಿಬೆಟನ್ ಕ್ಯಾಂಪಿನ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ಬೇಲಿಯಾಚೆ ದೋರ್ಜೆ ಎಂಬ ಹಿರಿಯರು, ಅವರ ಹೆಂಡತಿ ಮತ್ತು ಮಗ ತ್ಸೆರಿಂಗ್ ಇದ್ದರು. ಆ ಅಜ್ಜಿ ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ ಬಾರ್ಲಿ ಹುರಿದರೆ ನಮ್ಮ ಹಿತ್ತಿಲವರೆಗೂ ಘಮ್ಮೆನ್ನುತ್ತಿತ್ತು. ಅದನ್ನು ಬೀಸಿ, ಉಪ್ಪು ಹಾಕಿದ ಬೆಣ್ಣೆ ಚಹಾದಲ್ಲಿ ಕಲಸಿ, ಉಂಡೆ ಮಾಡಿ ನನ್ನ ಕೈಗಿಡುತ್ತಿದ್ದರು. ಅವರ ಬಾಯಲ್ಲಿ ಅದು ತ್ಸಾಂಪಾ. ಅಮ್ಮ ಮಾತ್ರ ಹುರಿಹಿಟ್ಟು ಎಂದೇ ಕರೆದು, ಬೆಲ್ಲ ಹಾಕಿಕೊಂಡು ತಿನ್ನುತ್ತಿದ್ದರು. ದೋರ್ಜೆಯವರ ಮನೆಗೆ ಕೊನೆಯವರೆಗೂ ತಗಡಿನ ಚಾವಣಿಯೇ. ಮಳೆಗಾಲದಲ್ಲಿ ಸೋರುತ್ತದಲ್ಲ ಎಂದು ಅಪ್ಪ ಕೇಳಿದರೆ ದೋರ್ಜೆ ನಗುತ್ತಿದ್ದರು. “ನೆಂಟರ ಊರಾಗೆ ತಾರಸಿ ಹಾಕಿಸ್ತಾರಾ ಮೇಷ್ಟ್ರೇ? ನಾಳೆ ಹೋಗೋರು ನಾವು.”

ಅವರನ್ನು ದೋರ್ಜೆ ಎನ್ನುತ್ತಿದ್ದವರು ಕ್ಯಾಂಪಿನವರಷ್ಟೇ. ಸುತ್ತಲ ಹಳ್ಳಿಗಳಿಗೆಲ್ಲ ಅವರು ರಂಗಜ್ಜ. ಪ್ರತಿ ಮಾರ್ಚಿನಲ್ಲಿ ಟಿಬೆಟನ್ನರ ಮೆರವಣಿಗೆ ರಸ್ತೆಗಿಳಿಯುತ್ತಿತ್ತು. ಬಾವುಟ ಹಿಡಿದು ಮುಂದೆ ನಡೆಯುವವರು ಇವರು. ಹಿಂದಿನಿಂದ ಜನ ‘ಪೋ ರಂಗ್‌ಜೆನ್’ ಎಂದು ಕೂಗುವರು. ಟಿಬೆಟಿಗೆ ಸ್ವಾತಂತ್ರ್ಯ ಎಂದು ಅದರ ಅರ್ಥ. ರಸ್ತೆಬದಿಯ ನಮ್ಮವರ ಕಿವಿಗೆ ಅದು ‘ಓ ರಂಗಜ್ಜ’ ಎಂದು ಬಿತ್ತು. ಇಷ್ಟೊಂದು ಜನ ಕೂಗುತ್ತಿದ್ದರೂ ಈ ಅಜ್ಜ ತಿರುಗಿ ನೋಡುತ್ತಿಲ್ಲವಲ್ಲ ಎಂದು ಅಯ್ಯೋ ಅಂದುಕೊಂಡರಂತೆ. ಮುಂದಿನ ಸಂತೆಯಲ್ಲೇ ಹೆಸರು ಅಂಟಿಕೊಂಡಿತು. ಅಪ್ಪ ಮುಜುಗರದಿಂದ ವಿಷಯ ಬಿಡಿಸಿ ಹೇಳಿದಾಗ ಅವರು ಕಣ್ಣೀರು ಬರುವಷ್ಟು ನಕ್ಕರು. “ತಿದ್ದಬ್ಯಾಡಿ ಮೇಷ್ಟ್ರೇ. ಸಂತೆಗೆ ಹೋದ್ರೆ ಎಲ್ರೂ ನನ್ನನ್ನೇ ಸ್ವಾತಂತ್ರ್ಯ ಅಂತ ಕೂಗ್ತಾರೆ. ಯಾವ ದೇಶದಾಗೆ ಐತೆ ಈ ಭಾಗ್ಯ?”

ಓದು ಮುಗಿಸಿ ಬಂದ ತ್ಸೆರಿಂಗ್ ಅಣ್ಣ ಬೇರೆಯೇ ಮಾತು ತಂದ. ಸ್ವಾತಂತ್ರ್ಯ ಇನ್ನು ಸಿಗುವುದಿಲ್ಲ. ಚೀನಾದೊಳಗೇ ಇದ್ದು ಸ್ವಾಯತ್ತತೆ ಪಡೆದರೆ ಸಾಕು, ಭಾಷೆ, ಮಠ, ಶಾಲೆಯಾದರೂ ಉಳಿಯುತ್ತವೆ ಎಂದ. ಅವರ ಧರ್ಮಗುರುಗಳದೂ ಅದೇ ಮಾತು. ರಂಗಜ್ಜ ಗುರುಗಳ ಪಟಕ್ಕೆ ದಿನವೂ ಅಡ್ಡಬೀಳುತ್ತಿದ್ದರು, ಇದೊಂದನ್ನು ಮಾತ್ರ ಒಪ್ಪಲಿಲ್ಲ. ಎರಡು ಪದಗಳಿಗೂ ಏನು ವ್ಯತ್ಯಾಸ ಎಂದು ಒಂದು ಸಂಜೆ ಅಪ್ಪನನ್ನೇ ಕೇಳಿದರು. ಅಪ್ಪ ತಡವರಿಸುತ್ತಾ, “ಸ್ವಾತಂತ್ರ್ಯ ಅಂದ್ರೆ ಮನೆ ನಿಮ್ದು. ಸ್ವಾಯತ್ತತೆ ಅಂದ್ರೆ ಮನೆ ಅವರ್ದು, ಅಡುಗೆಮನೆ ನಿಮ್ದು” ಎಂದರು.

“ಬಾಗಿಲು ಯಾರ್ದು?” ಎಂದು ರಂಗಜ್ಜ ಕೇಳಿದರು.

“ಬಾಗಿಲಿಗೆ ಜಗಳ ಆಡ್ತಾ ಅಡುಗೆಮನೇನೂ ಕಳ್ಕಂಡ್ರೆ ಏನ್ ತಿನ್ನಾದು ಅಪ್ಪ?” ಎಂದ ತ್ಸೆರಿಂಗ್ ಅಣ್ಣ. ಅಂದಿನಿಂದ ತಂದೆ ಮಗ ಒಂದೇ ಒಲೆಯ ಮುಂದೆ ಕೂತು ಉಣ್ಣಲಿಲ್ಲ. ಇಬ್ಬರೂ ಸರಿ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಸಂಕಟವಾಗುವುದೂ ಅದಕ್ಕೇ.

ಈಗ ಆ ಮನೆಯಿಲ್ಲ. ಅಜ್ಜಿ ಮೊದಲು ಹೋದರು, ಆಮೇಲೆ ರಂಗಜ್ಜ. ಕ್ಯಾಂಪಿನ ಹುಡುಗರು ಒಬ್ಬೊಬ್ಬರಾಗಿ ಪರದೇಶ ಸೇರುತ್ತಿದ್ದಾರೆ; ತ್ಸೆರಿಂಗ್ ಅಣ್ಣನ ಮಗಳೂ ಇಲ್ಲಿಗೆ ಹತ್ತಿರದ ಕೋಟೋದ ಒಂದು ಎತ್ತರದ ಕಟ್ಟಡದಲ್ಲಿದ್ದಾಳೆ. ಅವಳನ್ನು ನೋಡಲು ಬಂದ ಅಣ್ಣ ಈ ಬೇಸಿಗೆಯಲ್ಲಿ ನಮ್ಮ ಮನೆಗೂ ಬಂದ. ಇಲ್ಲೇ ಬೆಳೆದ ನನ್ನ ಮಗಳು, “ವೇರ್ ಆರ್ ಯು ಫ್ರಮ್, ಅಂಕಲ್?” ಎಂದಳು. ಅವನು “ಬೈಲಕುಪ್ಪೆ” ಎಂದ.

ರಂಗಜ್ಜನ ಕೊನೆಯ ದಿನಗಳ ಬಗ್ಗೆ ನಾನೇ ಕೇಳಿದೆ. ಅವರಿಗೆ ಒಂದೇ ಆಸೆಯಿತ್ತಂತೆ: ಕಣ್ಣು ಮುಚ್ಚುವ ಮುಂಚೆ ಮಗನ ಬಾಯಲ್ಲಿ ಒಮ್ಮೆ ರಂಗ್‌ಜೆನ್ ಎಂಬ ಮಾತು ಕೇಳಬೇಕು, ತಮ್ಮ ನಂತರವೂ ಅದನ್ನು ಕಾಯುವವನೊಬ್ಬ ಇದ್ದಾನೆಂದು ನಂಬಬೇಕು.

“ಬಾಯಿ ಬರ್ಲಿಲ್ಲ ಪುಟ್ಟಿ. ನಂಬದೇ ಇರೋದ್ನ ಸಾಯೋ ಅಪ್ಪನ ಮುಂದೆ ಹೆಂಗೆ ಹೇಳ್ಲಿ? ಅವ್ರಿಗೂ ಗೊತ್ತಾಯ್ತು. ಬ್ಯಾಡ ಬುಡು ಅಂದು ಗೋಡೆ ಕಡೆ ತಿರುಗ್ಕಂಡ್ರು.”

ಕಾರ್ಯಗಳೆಲ್ಲ ಮುಗಿದ ಮೇಲೆ ಅವನು ಕುಶಾಲನಗರದ ಸಂತೆಗೆ ಹೋಗಿದ್ದ. ಮೂಲಂಗಿ ಮಾರುವ ಮುದುಕಿಯೊಬ್ಬಳು, ಸುದ್ದಿ ತಿಳಿಯದವಳು, ಇವನನ್ನು ಕಂಡು ದೂರದಿಂದಲೇ ಕೇಳಿದಳಂತೆ: “ಏನಪ್ಪ, ರಂಗಜ್ಜ ಕಾಣ್ತಾನೇ ಇಲ್ವಲ್ಲ. ಬರಾಕಿಲ್ವಾ ಇನ್ನ?”

“ನೀನೇನಂದೆ ಅಣ್ಣ?” ಎಂದೆ.

ತ್ಸೆರಿಂಗ್ ಅಣ್ಣ ಬಾರ್ಲಿ ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದ. “ಸ್ವಾತಂತ್ರ್ಯ ಬರಲ್ಲ, ಬರಲ್ಲ ಅಂತ ಇಡೀ ಆಯಸ್ಸು ಅಪ್ಪನ ತಾವ ವಾದ ಮಾಡ್ದೋನು ನಾನು. ಆವಮ್ಮನ ತಾವ ಹೇಳಾಕಾಗ್ಲಿಲ್ಲ. ಬತ್ತಾರೆ ಕಣವ್ವ, ಬಂದೇ ಬತ್ತಾರೆ ಅಂದ್ಬುಟ್ಟೆ.”

ಮುದುಕಿ ಸರಿ ಬಿಡಪ್ಪ ಎಂದು ತನ್ನ ಮೂಲಂಗಿಗೆ ನೀರು ಚಿಮುಕಿಸತೊಡಗಿದಳಂತೆ. ಅದಾದ ಮೇಲೆ ಅವನು ಸಂತೆಯ ಆ ಸಾಲಿಗೆ ಹೋಗಿಲ್ಲ.