ಎತ್ತದೆ ಬಿಟ್ಟ ಮೂರೆಲೆ

ನನ್ನಿಂದ ಅಣಕಿಸಲು ಆಗದವರು ಕೊಪ್ಪಳದಲ್ಲಿ ಹೆಚ್ಚು ಜನ ಇರಲಿಲ್ಲ. ಉರ್ದು ಮಾಸ್ತರರು ಮೂಗಿನಿಂದ ಹಾಜರಿ ಕರೆಯುವುದು, ದಲಾಲಿ ಮಾಡುವ ಅಡತಿ ಸಾಹುಕಾರರು ಕೂಡುವ ಮೊದಲು ಧೋತರ ಎತ್ತಿ ನೆಲ ಪರೀಕ್ಷಿಸುವುದು, ನಮ್ಮವ್ವ ನೆರೆಮನೆಯವಳ ಕೂಡ ಜಗಳಾಡುತ್ತಲೇ ಆಕೆಯ ತಂಬಿಗೆಗೆ ಮಜ್ಜಿಗೆ ಸುರಿಯುವುದು, ಎಲ್ಲವೂ ನನ್ನ ಹತ್ತಿರ ಇತ್ತು. ನನ್ನನ್ನೂ ಬಿಟ್ಟವನಲ್ಲ. ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುವ ಚಿತ್ರಗಾರ. ಮಗನಿಗೂ ವಿದ್ಯೆ ಬರಲೆಂದು ಒಮ್ಮೆ ಕುಂಚ ಕೊಟ್ಟ. ಕಾಡಿನ ಪರದೆಯ ಮೇಲೆ ನಾನು ಹುಲಿ ಬರೆದೆ. ಕಂಪನಿಯ ಮಾಲೀಕರು ಬಂದು ನೋಡಿ, ಈ ಕರು ತಾಯನ್ನು ಬಿಟ್ಟು ಒಂದೇ ಯಾಕೆ ನಿಂತಿದೆ ಎಂದು ಕೇಳಿದರು. ಅಪ್ಪ ಕುಂಚ ಇಸಕೊಂಡ. ಅಂದಿನಿಂದ ನನ್ನ ಕಸುಬು ಬಾಯಿಯದೇ ಆಯಿತು.

ಆದರೆ ಒಬ್ಬರು ಮಾತ್ರ ನನ್ನ ಕೈಗೆ ಸಿಗುತ್ತಿರಲಿಲ್ಲ. ಅವರು ಅಕ್ಕನ ಗಂಡ. ನಾನು ಮಾಮಾ ಎಂದು ಕರೆಯುತ್ತಿದ್ದೆ. ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ ಮಾಡುವವರು. ಅವರು ಬಣ್ಣ ಹಚ್ಚಿದ ಗಿಳಿಯನ್ನು ಕಿಟಕಿಯಲ್ಲಿಟ್ಟರೆ ಬೆಕ್ಕು ಹೊಂಚು ಹಾಕುತ್ತಿತ್ತು ಎಂದು ಅಕ್ಕ ಹೇಳುತ್ತಿದ್ದಳು. ಬೆಕ್ಕನ್ನು ನಾನು ನೋಡಿಲ್ಲ, ಗಿಳಿಯನ್ನು ನೋಡಿದ್ದೇನೆ, ಆದ್ದರಿಂದ ನಂಬುತ್ತೇನೆ. ಇಂಥ ಮನುಷ್ಯನ ಸ್ವಂತ ಮುಖದಲ್ಲಿ ಮಾತ್ರ ಯಾವ ಬಣ್ಣವೂ ಇರಲಿಲ್ಲ. ಅಣಕಿಸುವವನಿಗೆ ಹಿಡಿಯಲು ಒಂದು ಕೊಂಡಿ ಬೇಕು. ಮಾಮಾನ ಮುಖ ಒರೆಸಿಟ್ಟ ಹಲಗೆಯ ಹಾಗಿತ್ತು.

ಅದೇ ಮುಖದಿಂದ ಅವರು ಇಸ್ಪೀಟಿನಲ್ಲಿ ಹೆಸರು ಮಾಡಿದ್ದರು. ಹತ್ತಿ ಬಿಡಿಸುವ ಜಿನ್ನಿನ ಗಿರಣಿಯ ಹಿಂದೆ ಒಂದು ತಗಡಿನ ಚಪ್ಪರವಿತ್ತು. ಯುದ್ಧದ ಕಾಲ, ಸೀಮೆಎಣ್ಣೆಗೆ ತತ್ವಾರ. ಅದಕ್ಕೇ ರಾತ್ರಿಯ ಆಟ ಹಗಲಿಗೆ ಬಂದಿತ್ತು. ಊಟ ಮುಗಿದ ಮೇಲೆ ಕೂತರೆ ಎಲೆಯ ಮೇಲಿನ ರಾಜ ಯಾರು, ಗುಲಾಮ ಯಾರು ಎಂದು ಕಾಣಿಸದ ಹಾಗೆ ಕತ್ತಲಾಗುವವರೆಗೆ ಆಟ. ಒಬ್ಬೊಬ್ಬರಿಗೆ ಮೂರು ಎಲೆ ಬೋರಲು ಹಾಕುತ್ತಾರೆ. ದೊಡ್ಡ ಎಲೆ ಬಂದವನೇ ಗೆಲ್ಲಬೇಕೆಂದಿಲ್ಲ. ಏನೂ ಇಲ್ಲದವನು ಎಲ್ಲ ಇದ್ದವನಂತೆ ಬಾಜಿ ಏರಿಸುತ್ತ ಹೋಗಿ, ಉಳಿದವರು ಹೆದರಿ ಎಲೆ ಒಗೆದರೆ ಅವನದೇ ಗೆಲುವು. ಅದು ಎಲೆಗಿಂತ ಮುಖದ ಆಟ. ಎಣ್ಣೆ ಗಾಣದ ಯಜಮಾನರು ಸುಳ್ಳು ಬಾಜಿ ಕಟ್ಟುವ ಮೊದಲು ನಶ್ಯ ಏರಿಸುತ್ತಿದ್ದರು. ನನ್ನದು ಅದಕ್ಕಿಂತ ಕಡೆ. ಒಳ್ಳೆಯ ಎಲೆ ಬಂದ ಕೂಡಲೇ ನನ್ನ ಕಿವಿ ಕೆಂಪಗಾಗುತ್ತಿದ್ದವು. ಇವನ ಕಿವಿ ನೋಡಿರಿ ಎನ್ನುತ್ತ ಎಲ್ಲರೂ ಒಟ್ಟಿಗೇ ಎಲೆ ಒಗೆಯುತ್ತಿದ್ದರು. ನಗಿಸುತ್ತೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಅಲ್ಲಿ ಕೂಡಿಸಿಕೊಳ್ಳುತ್ತಿದ್ದರು.

ನಾನು ಹೋಗುತ್ತಿದ್ದದ್ದು ಮಾಮಾನನ್ನು ಕಲಿಯಲು. ಎಂದಾದರೊಂದು ದಿನ ಅವರನ್ನು ಅಣಕಿಸಿ ಮನೆಮಂದಿಯನ್ನೆಲ್ಲ ನೆಲಕ್ಕೆ ಉರುಳಾಡಿಸಬೇಕೆಂಬ ಹಟ. ಹಾಗಾಗಿ ಬೇರೆಯವರು ಎಲೆ ನೋಡುವಾಗ ನಾನು ಅವರನ್ನು ನೋಡಿದೆ. ನೋಡುತ್ತ ನೋಡುತ್ತ ನನ್ನ ನಗೆ ಕಡಿಮೆಯಾಯಿತು.

ಸೋತಾಗ ಅವರು ಏಳುತ್ತಿರಲಿಲ್ಲ, ಅದು ಎಲ್ಲರ ಕಥೆ. ಆದರೆ ಗೆದ್ದಾಗಲೂ ಏಳುತ್ತಿರಲಿಲ್ಲ. ಗೆದ್ದದ್ದನ್ನು ತಿರುಗಿಯೂ ನೋಡದೆ ಕಟ್ಟಿನ ಕಡೆಗೇ ಕೈ ಚಾಚುತ್ತಿದ್ದರು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಬೆರಳುಗಳು ರೊಟ್ಟಿಯ ಚೂರುಗಳನ್ನು ಮೂರು ಮೂರಾಗಿ ಹಾಕುತ್ತಿದ್ದವು. ಬಣ್ಣ ತರಲು ಹೋಗುತ್ತೇನೆಂದು ಅಕ್ಕನಿಗೆ ಹೇಳಿ ಕೊಪ್ಪಳಕ್ಕೆ ಬರುತ್ತಿದ್ದರು, ಬಣ್ಣ ಸಿಗಲಿಲ್ಲವೆಂದು ಹೇಳುತ್ತ ತಿರುಗಿ ಹೋಗುತ್ತಿದ್ದರು. ಆಟ ಜಾಸ್ತಿ ಆಯಿತಲ್ಲ ಎಂದು ಯಾರಾದರೂ ನಗುತ್ತ ಅಂದರೂ ಸಿಟ್ಟಿಗೇಳುತ್ತಿದ್ದರು. ಕಿನ್ನಾಳದ ಮನೆಯಲ್ಲಿ ಗೋಡೆಗುಂಟ ಕಣ್ಣಿಲ್ಲದ ಗೊಂಬೆಗಳ ಸಾಲು ಬೆಳೆಯುತ್ತಿತ್ತು. ಕಣ್ಣು ಬರೆಯುವುದು ಕೊನೆಯ ಕೆಲಸ, ಮಧ್ಯಾಹ್ನದ ಬೆಳಕಿನಲ್ಲಿ ಉಸಿರು ಹಿಡಿದು ಮಾಡುವಂಥದ್ದು. ಮಾಮಾನ ಮಧ್ಯಾಹ್ನಗಳು ಜಿನ್ನಿನ ಹಿಂದೆ ಹೋಗುತ್ತಿದ್ದವು.

ಪಂಚಮಿಗೆ ತವರಿಗೆ ಬಂದ ಅಕ್ಕ ತಿರುಗಿ ಹೋಗಲಿಲ್ಲ. ಆಟ ಬಿಟ್ಟ ದಿನ ಬರುತ್ತೇನೆ ಎಂದಷ್ಟೇ ಹೇಳಿ, ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅವ್ವನ ಒಲೆಯ ಮುಂದೆ ಕೂತಳು.

ನಮ್ಮ ಕಡೆ ಇದಕ್ಕೆಲ್ಲ ಒಂದೇ ಮದ್ದು. ಅಪ್ಪ ಮಾಮಾನನ್ನು ಹುಲಿಗಿಗೆ ಕರೆದುಕೊಂಡು ಹೋದ. ಹೊಳೆಯಲ್ಲಿ ಮುಳುಗಿಸಿ, ಒದ್ದೆ ಧೋತರದಲ್ಲೇ ಹುಲಿಗೆಮ್ಮನ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ. ಇನ್ನು ಎಲೆ ಮುಟ್ಟಿದರೆ ಈ ಕೈ ಸೇದಿ ಹೋಗಲಿ ಎಂದು ಮಾಮಾ ಅಂದರು. ಧೋತರ ಒಣಗುವವರೆಗೆ ಆಣೆ ನಿಂತಿತು. ಮತ್ತೆ ಕರೆದೊಯ್ದೆವು, ಮತ್ತೆ ಮುಳುಗಿಸಿದೆವು. ಕೊನೆಯ ಸಲ ಪೂಜಾರಿ ದೂರದಿಂದಲೇ ಗುರುತು ಹಿಡಿದು ಕುಂಕುಮ ಕಲಸಲು ಶುರುಮಾಡಿದ. ನನಗೆ ನಗು ತಡೆಯಲಿಲ್ಲ. ಮಾಮಾನ ಕಡೆ ನೋಡಿದರೆ ಅವರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಮುರಿದ ಆಣೆಯ ಹೆದರಿಕೆ ಅವರನ್ನು ಚಪ್ಪರದಿಂದ ಎಳೆದು ತರುವ ಬದಲು ಅಲ್ಲಿಗೇ ಓಡಿಸುತ್ತಿತ್ತು. ಎಲೆ ಹಿಡಿದಿರುವಷ್ಟು ಹೊತ್ತು ಅವರಿಗೆ ಹೆದರಿಕೆ ಮರೆಯುತ್ತಿತ್ತಷ್ಟೇ.

ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ನಾನು ಎಣ್ಣೆ ಗಾಣದ ಯಜಮಾನರ ನಶ್ಯದ ಸೀನನ್ನು ಅಣಕಿಸುತ್ತಿದ್ದೆ. ಅವ್ವ ಬಿದ್ದು ನಗುತ್ತಿದ್ದಳು. ನಗದೆ ಕೂತಿದ್ದ ಅಕ್ಕ, ನಿಮ್ಮ ಮಾಮಾನನ್ನು ಮಾಡು ನೋಡೋಣ ಎಂದಳು. ಮಾಡಿದೆ. ಚಕ್ಕಳಮಕ್ಕಳ ಹಾಕಿ ಕೂತು, ಇಲ್ಲದ ಎಲೆಗಳ ತುದಿ ಎತ್ತಿ ನೋಡಿದೆ. ಬಾಜಿ ಗೆದ್ದೆ. ಗೆದ್ದರೂ ಮುಖ ಅರಳಲಿಲ್ಲ, ಕಣ್ಣು ಆಗಲೇ ಮುಂದಿನ ಕಟ್ಟಿನ ಮೇಲೆ. ಕೈ ಚಾಚಿದೆ. ಮತ್ತೆ ಎಲೆ, ಮತ್ತೆ ಕೈ. ಕೂಸು ಅತ್ತಂತೆ ಮಾಡಿ, ಅದನ್ನು ಕೇಳಿಸಿಕೊಳ್ಳದವನಂತೆ ಮತ್ತೆ ಕೈ ಚಾಚಿದೆ. ಹೊರಗಿನಿಂದ ನೋಡಿದಾಗ ಸಿಗದ ಕೊಂಡಿ ಆಗ ನನ್ನ ಮೈಯೊಳಗೆ ಸಿಕ್ಕಿತು. ಈ ಮನುಷ್ಯನಿಗೆ ಗೆಲ್ಲುವುದೂ ಬೇಕಾಗಿಲ್ಲ, ಇವನಿಗೆ ಇನ್ನೊಂದು ಆಟ ಬೇಕು ಅಷ್ಟೇ.

ಯಾರೂ ನಗಲಿಲ್ಲ. ತಲೆ ಎತ್ತಿದರೆ ಕಟ್ಟೆಯ ಕೆಳಗೆ ಮಾಮಾ ನಿಂತಿದ್ದರು. ಅಕ್ಕನನ್ನು ಕರೆಯಲು ಬಂದವರು, ಎಲ್ಲವನ್ನೂ ನೋಡಿದ್ದರು.

“ಹಿಂಗ ಇರ್ತೀನೇನು ನಾ?” ಎಂದರು.

ತಮಾಷೆ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ನಾಲಗೆ ಒಪ್ಪಲಿಲ್ಲ. ಹೌದು ಎಂದೆ.

“ಗೆದ್ದಾಗೂ?”

“ಗೆದ್ದಾಗ ಇನ್ನೂ ಜಾಸ್ತಿ ಹಿಂಗ ಇರ್ತೀರಿ, ಮಾಮಾ.”

ಅವರು ಕಟ್ಟೆಯ ಅಂಚಿಗೆ ಕೂತರು. ಒರೆಸಿಟ್ಟ ಹಲಗೆಯಂಥ ಆ ಮುಖ ಮೊದಲ ಸಲ ಕದಡಿತು. “ಬಿಡಬೇಕಂತನ ಮನಿ ಬಿಟ್ಟು ಬರ್ತೀನಿ. ಕಾಲು ಅಲ್ಲಿಗೇ ಹೋಗ್ತಾವ. ನನ್ನ ಕೈಲೆ ಆಗವಲ್ದು. ಯಾರರ ನನ್ನ ಹಿಡೀರಿ.”

ಅಪ್ಪ ಹುಲಿಗಿಯ ಮಾತು ತೆಗೆಯುವಷ್ಟರಲ್ಲಿ ಅಕ್ಕ ಅಂದಳು: “ಆಣಿ ಒಂದು ಬ್ಯಾಡ. ನಿಮ್ಮ ಆಣಿ ಕೇಳಿ ಕೇಳಿ ಹುಲಿಗೆಮ್ಮಗೂ ಸಾಕಾಗಿರತೈತಿ.”

ಆಗ ಅವ್ವನಿಗೆ ತನ್ನ ತವರೂರು ಯಲಬುರ್ಗಿಯ ಒಬ್ಬ ಮುದುಕರ ನೆನಪಾಯಿತು. ಕುಪ್ಪಸದ ಖಣ ಮಾರಿಕೊಂಡು ಸಂತೆ ಸಂತೆ ತಿರುಗುವವರು. ಪ್ರಾಯದಲ್ಲಿ ಅವರೂ ಇಸ್ಪೀಟಿನಲ್ಲೇ ಮುಳುಗಿದ್ದವರು, ಆಮೇಲೆ ಎದ್ದು ಬಂದರಂತೆ. ಹೇಗೆ ಬಂದರೋ ಅವರನ್ನೇ ಕೇಳೋಣ ಎಂದಳು. ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು ಹತ್ತಿ ನಾನೂ ಮಾಮಾನೂ ಯಲಬುರ್ಗಿಗೆ ಹೋದೆವು. ಏರು ಬಂದಲ್ಲೆಲ್ಲ ಇಳಿದು ನೂಕಿದೆವು. ನಾನು ನೂಕುವವನಂತೆ ನಟಿಸಿದೆ.

ಮುದುಕರು ಖಣ ಮಡಿಚುತ್ತಲೇ ಎಲ್ಲ ಕೇಳಿದರು. ಸುಳ್ಳು ಹೇಳಿ ಹೋಗುತ್ತೀಯಾ, ಬೇರೆ ಕೆಲಸದಲ್ಲಿರುವಾಗಲೂ ಎಲೆ ಕಣ್ಣ ಮುಂದೆ ಬರುತ್ತವೆಯಾ, ಆಡದ ದಿನ ಮೈಯೆಲ್ಲ ಪರಚಿಕೊಳ್ಳುವಂತೆ ಆಗುತ್ತದೆಯಾ. ಎಲ್ಲಕ್ಕೂ ಮಾಮಾ ಹೌದೆಂದರು. ಎಷ್ಟು ಸಲ ಆಣೆ ಮಾಡಿದ್ದೀ ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿದರು.

“ಆಣಿ ಅಂದ್ರ ಏನು ತಮ್ಮಾ?” ಎಂದರು ಮುದುಕರು. “ನಾ ಗೆಲ್ತೀನಿ, ಸೋತ್ರ ನನ್ನ ಕೈ ತಗೋ ಅನ್ನೂದು. ಅದೂ ಬಾಜಿನ. ಜಿನ್ನಿನ ಹಿಂದ ಮಂದಿ ಜೋಡಿ ಆಡೂದು ಸಾಲದಂತ ಹೊಳಿ ದಂಡಿ ಮ್ಯಾಲ ದೇವಿ ಜೋಡಿ ಆಡಾಕತ್ತಿ ನೀನು.”

ಮಾಮಾ ದಿಟ್ಟಿಸಿ ನೋಡಿದರು. ಜೂಜುಗಾರನ ಚಟ ಬಿಡಿಸಲು ಮನೆಮಂದಿಯೆಲ್ಲ ಸೇರಿ ಅವನಿಂದ ಎಲ್ಲಕ್ಕಿಂತ ದೊಡ್ಡ ಬಾಜಿ ಕಟ್ಟಿಸುತ್ತಿದ್ದೆವು!

“ಮತ್ತ ನಾ ಏನ್ ಮಾಡ್ಲಿರಿ?”

“ಆಟದ ಕಡೆ ಮನಸ್ಸು ಎಳೀತಂದ್ರ ಬಾಯಿ ಬಿಟ್ಟು ಹೇಳು. ಹೆಂಡ್ತಿಗೆ ಹೇಳು, ಈ ಕೋತಿಗೆ ಹೇಳು, ಸಂತಿ ದಿನ ನನಗ ಹೇಳು. ಮುಚ್ಚಿಟ್ಟಿ ಅಂದ್ರ ಅದು ಬೆಳೀತೈತಿ. ನನಗೇನು ಎಳಿಯೂದಿಲ್ಲಂತ ತಿಳಿದೇನು? ಮೊನ್ನೆ ಕುಷ್ಟಗಿ ಸಂತ್ಯಾಗ ಎಲಿ ಕಲಸೂ ಸಪ್ಪಳ ಕೇಳಿ ಗಂಟು ಬಿಟ್ಟು ಎದ್ದು ನಿಂತಿದ್ದೆ. ಬಾಜೂ ಅಂಗಡಿಯಾಂವಗ ಹೇಳಿದೆ. ಕೂತ್ಕೋ ಮುದುಕಾ ಅಂದ. ಕೂತೆ.”

ಕೋತಿ ಎಂದರೆ ನಾನು. ಅಂದಿನಿಂದ ಆ ಕೋತಿಗೆ ಕೆಲಸ ಸಿಕ್ಕಿತು. ಊಟದ ಹೊತ್ತಿನಿಂದ ದೀಪ ಹಚ್ಚುವವರೆಗೆ ಕಿನ್ನಾಳದಲ್ಲಿ ಮಾಮಾನ ಎದುರು ಕೂಡುವುದು. ಎಳೆಯುತ್ತಿದೆ ಎಂದು ಅವರು ಅಂದರೆ ನಾನು ಊರಿನ ಒಬ್ಬೊಬ್ಬರನ್ನೇ ಕರೆದು ನಿಲ್ಲಿಸುತ್ತಿದ್ದೆ, ಅಂದರೆ ಅಣಕಿಸುತ್ತಿದ್ದೆ. ಸುಮ್ಮನೆ ಕೂಡುವ ಬದಲು ಹುಣಸೆಬೀಜ ಅರೆ ಎಂದು ಅಂಟಿನ ಕೆಲಸವನ್ನೂ ನನ್ನ ತಲೆಗೆ ಕಟ್ಟಿದರು. ಕೆಲವು ದಿನ ಕುಂಚ ಎಸೆದು ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು, ನನ್ನನ್ನು ಬಯ್ಯುತ್ತಿದ್ದರು. ಒಂದು ಮಧ್ಯಾಹ್ನ ಕಾವಲುಗಾರನಿಗೇ ನಿದ್ದೆ ಹತ್ತಿತು. ಯಾರೋ ಭುಜ ಅಲುಗಿಸಿದರು. ಮಾಮಾ, ಕಾಲೆಲ್ಲ ಧೂಳು.

“ಏಳಪಾ. ನೀ ಮಲಗಿದ್ದಿ, ನಾ ಕೊಪ್ಪಳದ ದಾರಿ ಹಿಡಿದಿದ್ದೆ. ಹಳ್ಳದ ಮಟ ಹೋಗಿ ತಿರುಗಿ ಬಂದೀನಿ. ಹೇಳಬೇಕಲ್ಲ, ಅದಕ್ಕ ಎಬ್ಬಿಸಿದೆ.”

ಹೇಳಿ, ಕೈ ತೊಳೆದು, ಒಂದು ಗೌರಿ ಗೊಂಬೆಗೆ ಕಣ್ಣು ಬರೆಯಲು ಕೂತರು. ಆ ಸಾಲಿನಲ್ಲಿದ್ದ ಗೊಂಬೆಗಳು ಒಂದೊಂದಾಗಿ ನನ್ನನ್ನು ನೋಡತೊಡಗಿದವು. ಅಷ್ಟು ಜನ ನೋಡುವಾಗ ನಿದ್ದೆ ಮಾಡುವುದು ಕಷ್ಟವಾಯಿತು.

ದಸರೆ ಕಳೆದ ಮೇಲೆ ಮಾಮಾ ತಾವಾಗಿಯೇ, ಚಪ್ಪರದವರಿಗೂ ಬಾಯಿಬಿಟ್ಟು ಹೇಳಿ ಬರಬೇಕು ಎಂದರು. ಅಲ್ಲಿಗೆ ಹೋಗುವುದೇ ಅಪಾಯ ಎಂದೆ. ಅದಕ್ಕೇ ನೀನು ಬಾ ಎಂದರು. ಸಂತೆಗೆ ಬಂದಿದ್ದ ಖಣದ ಮುದುಕರನ್ನು ಕೇಳಿದೆವು. ಅವರು ಬೇಡ ಅನ್ನಲಿಲ್ಲ. ಕೂಡಬೇಡ, ನಿಂತೇ ಹೇಳು ಎಂದರು.

ಚಪ್ಪರದೊಳಗೆ ಕಾಲಿಟ್ಟ ಕೂಡಲೇ ಆಡುತ್ತಿದ್ದವರು ಜಾಗ ಬಿಟ್ಟು ಸರಿದರು. ಹಂಚುವವನ ಕೈ ರೂಢಿಯಂತೆ ಮಾಮಾನ ಮುಂದೆ ಮೂರು ಎಲೆ ಹಾಕಿತು. ಮಾಮಾ ಅವುಗಳ ಕಡೆ ನೋಡಿದರು. ನಾನು ಅವರ ಬೆರಳು ನೋಡಿದೆ. ಅವು ಒಮ್ಮೆ ಮಿಡುಕಿದವು. ಎತ್ತಿ ನೋಡರಿ, ಬೋಣಿಗೆ ಒಂದಾಟ ಆಡಿ ಹೋಗರಿ ಎಂದು ಎಣ್ಣೆ ಗಾಣದ ಯಜಮಾನರು ಒತ್ತಾಯ ಮಾಡಿದರು.

“ಎತ್ತೂದಿಲ್ಲರಿ. ಒಂದಾಟ ಆಡಿ ಏಳೂ ಮನುಷ್ಯಾ ನಾ ಅಲ್ಲ. ನನಗ ಇದು ರೋಗ ಆಗೇತಿ, ಸಂತ್ಯಾಗ ಖಣ ಮಾರೂ ಮುದುಕರು ಬಿಡಾಕ ದಾರಿ ತೋರಿಸ್ಯಾರ. ಅದನ್ನ ಹೇಳಾಕ ಬಂದೀನಿ,” ಎಂದರು ಮಾಮಾ.

ಯಾರೋ ಕಿಸಕ್ಕನೆ ನಕ್ಕರು. ರೋಗವೆಂದರೆ ಹೇಗಿರುತ್ತದೆ ಎಂದು ಚುಡಾಯಿಸಿದರು. ಆಗ ಮಾಮಾ ನಿಂತಲ್ಲೇ ತೋರಿಸಿದರು. ಗೆದ್ದರು, ಮುಖ ಅರಳಲಿಲ್ಲ, ಕೈ ಚಾಚಿದರು. ಸೋತರು, ಅದೇ ಮುಖ, ಅದೇ ಕೈ. ನಾನು ಮಾಡಿದ್ದು ಬರೀ ನೆರಳು. ಇವರು ಒಳಗಿನಿಂದ ಮಾಡಿದರು. ಅಷ್ಟಕ್ಕೇ ನಿಲ್ಲಿಸದೆ, ಗೆದ್ದ ಮೇಲೆ ನಶ್ಯ ಏರಿಸುವುದನ್ನೂ ಮರೆತು ಕಟ್ಟಿಗೆ ಕೈ ಚಾಚುವ ಎಣ್ಣೆ ಗಾಣದ ಯಜಮಾನರನ್ನು ಮಾಡಿದರು. ಕೊಪ್ಪಳದಲ್ಲಿ ನನ್ನನ್ನು ಮೀರಿಸುವ ಅಣಕಿಗ ಇಲ್ಲವೆಂಬ ನನ್ನ ಬಿಗುಮಾನ ಅಲ್ಲೇ ಮಣ್ಣುಗೂಡಿತು. ನಾನು ಚಪ್ಪಾಳೆ ತಟ್ಟಿದೆ, ನಾನೊಬ್ಬನೇ.

ಎಲೆಗಳನ್ನು ಬೋರಲಾಗಿಯೇ ಬಿಟ್ಟು ನಾವು ಹೊರಬಿದ್ದೆವು. ಜಿನ್ನಿನ ಗೇಟು ದಾಟುವಷ್ಟರಲ್ಲಿ ಹಿಂದೆ ಯಾರೋ ಓಡಿ ಬಂದ ಸಪ್ಪಳ. ಎಣ್ಣೆ ಗಾಣದ ಯಜಮಾನರು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಆಚೀಚೆ ನೋಡಿ, ಆ ಖಣದ ಮುದುಕರು ಮುಂದಿನ ಸಂತೆಗೂ ಬರುತ್ತಾರಾ ಎಂದು ಮೆಲ್ಲಗೆ ಕೇಳಿದರು. ಮಾಮಾ ಅವರ ಹೆಗಲ ಮೇಲೆ ಕೈಯಿಟ್ಟು, ಬರ್ರಿ, ಜೋಡಿಲೇ ಹೋಗೋಣ ಎಂದರು.

ಮನೆಗೆ ಬಂದು ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದರು, ಬೆರಳು ಮಿಡುಕಿದ್ದನ್ನೂ ಬಿಡದೆ. ಅಕ್ಕ ಆಣೆ ಕೇಳಲಿಲ್ಲ. ನಾಳೆ ಮಧ್ಯಾಹ್ನ ಹೇಗೆ ಎಂದಷ್ಟೇ ಕೇಳಿದಳು.

“ನಾಳಿದು ಗೊತ್ತಿಲ್ಲ. ಎಳೀತಂದ್ರ ನಿನಗ ಹೇಳ್ತೀನಿ. ಇವತ್ತಿಂದು ದಾಟೀನಿ.”

ಅಕ್ಕ ಎದ್ದು ಕೂಸಿನ ಅಂಗಿಗಳನ್ನು ಗಂಟು ಕಟ್ಟತೊಡಗಿದಳು. ಅವ್ವ ಅಳುತ್ತ, ನಗುತ್ತ, ಅಕ್ಕಿ ಎಲ್ಲಿಟ್ಟೆನೆಂದು ನನ್ನನ್ನು ಬಯ್ಯುತ್ತ ಮಗಳ ಉಡಿ ತುಂಬಿದಳು. ಅಪ್ಪ ಬಂಡಿ ಕರೆತಂದ. ಕಾವಲುಗಾರನ ಗತ್ತಿನಿಂದ ನಾನೂ ಹಿಂದೆ ಹತ್ತಿ ಕೂತೆ.

“ಇಳಿ ನೀನು. ಇನ್ನ ನಾ ಅದೀನಿ,” ಎಂದಳು ಅಕ್ಕ.

ಇಳಿದೆ. ಬಂಡಿ ಕಿನ್ನಾಳದ ದಾರಿ ಹಿಡಿಯಿತು. ಇದ್ದ ಒಂದು ಕೆಲಸವೂ ಹೋದ ಖುಷಿಗೆ ನಡುಬೀದಿಯಲ್ಲಿ ಸಿಳ್ಳೆ ಹಾಕಿದ್ದಕ್ಕೆ, ಅಡತಿ ಸಾಹುಕಾರರು ಧೋತರ ಎತ್ತಿಕೊಂಡು ನನ್ನನ್ನು ಬೀದಿಯ ಮೂಲೆಯವರೆಗೂ ಅಟ್ಟಿಸಿಕೊಂಡು ಬಂದರು.